ಜೀಪು, ಗಂಧದ ಸಾಬೂನು ಮತ್ತು ಯುದ್ಧದ ಜಾಹೀರಾತು

ಕೇಳುಗರಿಗೆಲ್ಲ ನಮಸ್ಕಾರ.

ಕಮಾಂಡರ್, ಮೇಜರ್, ಮಾರ್ಷಲ್, ಇನ್ವೇಡರ್, ಆರ್ಮಡಾ. ಇದು ದಂಡಿನ ಹಾಜರಿ ಪಟ್ಟಿ ಅಲ್ಲ. ಮಹೀಂದ್ರಾ ಕಂಪನಿ ಬೇರೆ ಬೇರೆ ಕಾಲದಲ್ಲಿ ಮಾರಿದ ಗಾಡಿಗಳ ಹೆಸರು. ತೀರ್ಥಹಳ್ಳಿ, ಹೊಸನಗರದ ಕಡೆಯವರು ಇದರಲ್ಲಿ ಒಂದನ್ನಾದರೂ ಹತ್ತಿರುತ್ತೀರಿ, ಒಳಗೆ ಜಾಗ ಸಿಗದೆ ಹಿಂದೆ ನೇತಾಡಿಕೊಂಡು ಹೋಗಿದ್ದರೂ ಹೋಗಿರುತ್ತೀರಿ. ಅಡಿಕೆ ಮೂಟೆ, ಗೊಬ್ಬರ, ಶಾಲೆ ಮಕ್ಕಳು, ಮದುವೆ ದಿಬ್ಬಣ, ಆಸ್ಪತ್ರೆಗೆ ಹೊರಟ ಬಸುರಿ, ಎಲ್ಲ ಹೊತ್ತ ಗಾಡಿಗಳಿವು. ಇವಕ್ಕೂ ದಂಡಯಾತ್ರೆಗೂ ಏನು ಸಂಬಂಧ, ಅಲ್ವಾ?

ಸಂಬಂಧ ಇದೆ. ಹೆಸರಿಟ್ಟವರಿಗೆ ಅದು ಚೆನ್ನಾಗಿಯೇ ಗೊತ್ತಿತ್ತು.

ಜೀಪು ಹುಟ್ಟಿದ್ದು ಎರಡನೇ ಮಹಾಯುದ್ಧಕ್ಕಾಗಿ. ಅಮೆರಿಕದ ಸೇನೆ ಹಗುರವಾದ, ನಾಲ್ಕೂ ಚಕ್ರಕ್ಕೆ ಬಲ ಇರುವ ಗಾಡಿ ಬೇಕು ಅಂತ ಕೇಳಿತು. 1940ರ ಸೆಪ್ಟೆಂಬರ್‌ನಲ್ಲಿ ಮೊದಲ ಮಾದರಿ ಮಾಡಿ ಕೊಟ್ಟಿದ್ದು ಬ್ಯಾಂಟಮ್ ಎಂಬ ಸಣ್ಣ ಕಂಪನಿ. ಆದರೆ ಆರ್ಡರಿನ ಸಿಂಹಪಾಲು ಹೋಗಿದ್ದು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಯುದ್ಧ ಮುಗಿಯುವುದರೊಳಗೆ ಇಬ್ಬರೂ ಸೇರಿ 6 ಲಕ್ಷಕ್ಕೂ ಜಾಸ್ತಿ ಜೀಪು ಮಾಡಿದರು. ಅಷ್ಟೊತ್ತಿಗೆ ವಿಲ್ಲಿಸ್ ಕಂಪನಿ ಪತ್ರಿಕೆಗಳಲ್ಲಿ ಬಣ್ಣದ ಚಿತ್ರದ ಜಾಹೀರಾತು ಹಾಕಿಸತೊಡಗಿತ್ತು. ಮರಳುಗಾಡಿನಲ್ಲಿ ಜೀಪು, ಗುಂಡಿನ ನಡುವೆ ಜೀಪು, ಅದರ ಜೊತೆಗೆ ‘ವಿಲ್ಲಿಸ್ ಕಟ್ಟಿದ ಜೀಪಿಗೆ ಸೂರ್ಯ ಮುಳುಗುವುದೇ ಇಲ್ಲ’ ಅನ್ನುವ ಸಾಲು. ತಮಾಷೆ ಏನೆಂದರೆ ಆಗ ಅದನ್ನು ಜನ ಕೊಳ್ಳುವ ಹಾಗೇ ಇರಲಿಲ್ಲ, ತಯಾರಾದದ್ದೆಲ್ಲ ಸೇನೆಗೆ ಹೋಗುತ್ತಿತ್ತು. ಹಾಗಾದರೆ ಜಾಹೀರಾತು ಯಾಕೆ? ಯುದ್ಧ ಮುಗಿದ ಮೇಲೆ ಮಾರಬೇಕಲ್ಲ, ಅದಕ್ಕೆ.

ಜೀಪನ್ನು ಸೃಷ್ಟಿಸಿದ್ದು ತಾನೇ ಅಂತಲೂ ವಿಲ್ಲಿಸ್ ಹೇಳಿಕೊಂಡಿತು. ವ್ಯಾಪಾರದ ಮೇಲೆ ಕಣ್ಣಿಡುವ ಅಲ್ಲಿನ ಸರ್ಕಾರಿ ಆಯೋಗ 1943ರಲ್ಲೇ ಇದನ್ನು ಸುಳ್ಳು ಜಾಹೀರಾತು ಅಂತ ಪ್ರಶ್ನೆ ಮಾಡಿತು. ಆ ಕಲ್ಪನೆ ಬ್ಯಾಂಟಮ್ ಕಂಪನಿ ಮತ್ತು ಸೇನೆಯ ಅಧಿಕಾರಿಗಳದ್ದು ಎಂಬ ತೀರ್ಪು ಬಂದದ್ದು 1948ರಲ್ಲಿ. ಅಷ್ಟರಲ್ಲಿ ಊರಿಗೆಲ್ಲ ವಿಲ್ಲಿಸ್ ಹೆಸರೇ ಬಾಯಿಪಾಠ ಆಗಿತ್ತು. ಬ್ಯಾಂಟಮ್ ಹೆಸರು ಕೇಳಿದವರು ನಮ್ಮಲ್ಲಿ ಎಷ್ಟು ಜನ ಇದ್ದೀರಿ?

ಆ ವಿಲ್ಲಿಸ್ ಜೀಪನ್ನೇ 1947ರಿಂದ ಮಹೀಂದ್ರಾ ನಮ್ಮಲ್ಲಿ ಜೋಡಿಸತೊಡಗಿತು. ಇವತ್ತಿಗೂ ನಿಟ್ಟೂರು, ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿ ಹತ್ತುವ ಬಾಡಿಗೆ ಜೀಪುಗಳಿವೆಯಲ್ಲ, ಅವುಗಳ ವಂಶಾವಳಿ ಹೋಗಿ ನಿಲ್ಲುವುದು ಆ ಯುದ್ಧದಲ್ಲೇ. ಹಾಗಾಗಿ ಕಮಾಂಡರ್, ಮೇಜರ್ ಹೆಸರಿಗೆ ನನ್ನ ತಕರಾರು ಅಷ್ಟೇನಿಲ್ಲ. ಅಜ್ಜ ದಂಡಿನಲ್ಲಿದ್ದ ಅಂತ ಮೊಮ್ಮಗ ಹೇಳಿಕೊಂಡರೆ ತಪ್ಪೇನು?

ತಕರಾರು ಇರುವುದು ಸಂಬಂಧವೇ ಇಲ್ಲದವರು ಸಮವಸ್ತ್ರ ಹಾಕಿಕೊಂಡಾಗ. ಅದೇ ಯುದ್ಧದ ಕಾಲದಲ್ಲಿ, 1942ರಲ್ಲಿ, ಲಕ್ಕಿ ಸ್ಟ್ರೈಕ್ ಎಂಬ ಸಿಗರೇಟು ತನ್ನ ಹಸಿರು ಪ್ಯಾಕೆಟ್ಟನ್ನು ಬಿಳಿ ಮಾಡಿತು. ಹಸಿರು ಶಾಯಿಗೆ ಬೇಕಾಗುವ ಲೋಹ ಯುದ್ಧಕ್ಕೆ ಬೇಕಂತೆ, ಅದಕ್ಕೇ ‘ಲಕ್ಕಿ ಸ್ಟ್ರೈಕ್‌ನ ಹಸಿರು ಯುದ್ಧಕ್ಕೆ ಹೋಗಿದೆ’ ಅಂತ ರೇಡಿಯೋದಲ್ಲೂ ಪತ್ರಿಕೆಗಳಲ್ಲೂ ಡಂಗುರ. ನಿಜ ಏನೆಂದರೆ ಹೆಂಗಸರಿಗೆ ಆ ಹಸಿರು ಹಿಡಿಸುತ್ತಿಲ್ಲ ಅನ್ನುವ ಚಿಂತೆ ಕಂಪನಿಗೆ ಮೊದಲಿನಿಂದಲೇ ಇತ್ತು. ಬಣ್ಣ ಬದಲಿಸಲು ನೆಪ ಬೇಕಿತ್ತು, ಯುದ್ಧ ಸಿಕ್ಕಿತು.

ಕೋಕಾ-ಕೋಲಾದವರು ಇವರಿಗಿಂತ ಜಾಣರು. ಸಮವಸ್ತ್ರದಲ್ಲಿರುವ ಪ್ರತಿಯೊಬ್ಬನಿಗೂ ಅವನು ಎಲ್ಲೇ ಇರಲಿ 5 ಸೆಂಟಿಗೆ ಒಂದು ಬಾಟಲಿ ಕೊಡುತ್ತೇವೆ ಅಂದರು, ಕೊಟ್ಟರು ಕೂಡ. ಸೈನ್ಯದ ಹಿಂದೆಯೇ ಹೊರದೇಶಗಳಲ್ಲಿ ಬಾಟಲಿ ತುಂಬುವ 64 ಘಟಕಗಳು ಎದ್ದವು. ಯುದ್ಧ ಮುಗಿದಾಗ ಸೈನಿಕರು ಮನೆಗೆ ಹೋದರು, ಎಷ್ಟೋ ಘಟಕಗಳು ಅಲ್ಲೇ ಉಳಿದು ಊರಿನವರಿಗೆ ಮಾರತೊಡಗಿದವು. ಅಂದಹಾಗೆ, ಈ ಹಸಿರು ಪ್ಯಾಕೆಟ್ ‘ಯುದ್ಧಕ್ಕೆ ಹೋದ’ 1942ರಲ್ಲೇ ನಮ್ಮ ಶಿಕಾರಿಪುರದ ಈಸೂರಿನವರು ತಾವು ಸ್ವತಂತ್ರರು ಅಂತ ಸಾರಿದ್ದರು. ಮರುವರ್ಷ ಐದು ಜನರನ್ನು ಗಲ್ಲಿಗೆ ಹಾಕಿದರು. ಇದನ್ನು ಯಾಕೆ ಹೇಳಿದೆನೋ, ಜಾಹೀರಾತಿಗೂ ಇದಕ್ಕೂ ನೇರ ಸಂಬಂಧ ಇಲ್ಲ. ಆದರೆ ಎರಡೂ ಒಂದೇ ವರ್ಷದ್ದು ಅನ್ನುವುದು ತಲೆಯಿಂದ ಹೋಗುವುದಿಲ್ಲ.

ಇನ್ನು ನಮ್ಮ ಮನೆಯೊಳಗಿನ ಯುದ್ಧ. ಟಿವಿಯಲ್ಲಿ ಸೊಳ್ಳೆ ಅಂದರೆ ಶತ್ರು, ಸ್ಪ್ರೇ ಅಂದರೆ ಆಯುಧ. ಸಾಬೂನಿನ ಜಾಹೀರಾತಿನಲ್ಲಿ ಕ್ರಿಮಿಗಳು ಹಸಿರು ರಾಕ್ಷಸರು, ಮಗುವಿನ ಸುತ್ತ ಹೊಳೆಯುವ ಕವಚ. ಟೂತ್‌ಪೇಸ್ಟಿಗೂ ಒಂದು ಸುರಕ್ಷಾ ಚಕ್ರ. ಭತ್ತದ ಕಳೆಗೆ ಹಾಕುವ ಒಂದು ಔಷಧಿಯ ಹೆಸರು ಮಷೆಟಿ, ಅಂದರೆ ಮಚ್ಚು. ಇದನ್ನು ಬರೀ ಅಲಂಕಾರ ಅಂತ ತಳ್ಳಿಹಾಕುವ ಹಾಗಿಲ್ಲ. ಡಿಡಿಟಿ ಎಂಬ ಕೀಟನಾಶಕವನ್ನೇ ನೋಡಿ. ಅದು ಜನರ ಕೈಗೆ ಬರುವ ಮೊದಲು ಸೈನ್ಯದ ಸಾಮಾನು. 1943–44ರ ಚಳಿಗಾಲದಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ಹೇನಿನಿಂದ ಹರಡುವ ಟೈಫಸ್ ಜ್ವರ ತಡೆಯಲು ಹತ್ತು ಲಕ್ಷಕ್ಕೂ ಜಾಸ್ತಿ ಜನರ ಮೈಮೇಲೆ ಪುಡಿ ಉದುರಿಸಿದ್ದರು. 1947ರಲ್ಲಿ ಒಂದು ಅಮೆರಿಕನ್ ಕಂಪನಿಯ ಜಾಹೀರಾತಿನಲ್ಲಿ ದನ, ನಾಯಿ, ಕೋಳಿ, ತರಕಾರಿ, ಮನೆಯೊಡತಿ ಎಲ್ಲ ಸಾಲಾಗಿ ನಿಂತು ‘ಡಿಡಿಟಿ ನನಗೆ ಒಳ್ಳೆಯದು’ ಅಂತ ಹಾಡುತ್ತಿದ್ದರು! ನಮ್ಮಲ್ಲಿ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು, ಮನೆ ಗೋಡೆಗೆಲ್ಲ ಡಿಡಿಟಿ ಹೊಡೆದರು. ಚಳಿಜ್ವರದ ಭಯಕ್ಕೆ ಘಟ್ಟದ ಮೇಲಕ್ಕೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದರು ಅಂತ ಹಿರಿಯರು ಹೇಳುತ್ತಾರಲ್ಲ, ಆ ಮಲೆನಾಡಿಗೆ ಇದರಿಂದ ಉಪಕಾರ ಆಗಿದ್ದು ಸುಳ್ಳಲ್ಲ. ಆದರೆ ಯುದ್ಧದ ಮಾತಿನಲ್ಲಿ ‘ಸಾಕು’ ಅನ್ನುವುದಕ್ಕೆ ಜಾಗ ಇರುವುದಿಲ್ಲ. ಶತ್ರು ಅಂದಮೇಲೆ ಪೂರ್ತಿ ನಾಶ ಆಗಲೇಬೇಕು. ತೋಟಕ್ಕೆ ಎಷ್ಟು ಹೊಡೆಯಬೇಕೋ ಅದಕ್ಕಿಂತ ಒಂದು ಕೈ ಜಾಸ್ತಿಯೇ ಹೊಡೆಯುವ ನಮ್ಮ ಅಭ್ಯಾಸಕ್ಕೆ ಈ ಮಾತೂ ಒಂದು ಕಾರಣ ಅಂತ ನನ್ನ ಲೆಕ್ಕ.

ಈಗ ಯುದ್ಧದಿಂದಲೇ ಹುಟ್ಟಿ ಬಾಯಿ ಬಿಡದೆ ಕೂತ ಒಂದು ಸಾಮಾನಿನ ಕಥೆ ಕೇಳಿ. ಮೈಸೂರು ಸ್ಯಾಂಡಲ್ ಸಾಬೂನು. ಮೈಸೂರು ಸಂಸ್ಥಾನದ ಗಂಧದ ಮರ ಯುರೋಪಿಗೆ ಹೋಗಿ ಅಲ್ಲಿ ಎಣ್ಣೆ ಆಗುತ್ತಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಸಾಗಣೆ ನಿಂತಿತು, ಕೊರಡುಗಳು ರಾಶಿ ಬಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ವಿಶ್ವೇಶ್ವರಯ್ಯನವರ ಕಾಲ. ಎಣ್ಣೆ ನಾವೇ ತೆಗೆಯೋಣ ಅಂತ 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ಆಯಿತು, ಆ ಎಣ್ಣೆಯಿಂದ ಸಾಬೂನು ಬಂತು. ಶಿವಮೊಗ್ಗದಲ್ಲೂ ಗಂಧದೆಣ್ಣೆ ಕಾರ್ಖಾನೆ ಆಯಿತು, ಅದು 1944ರಲ್ಲಿ, ಇನ್ನೊಂದು ಮಹಾಯುದ್ಧದ ನಡುವೆ. ಎರಡು ಮಹಾಯುದ್ಧ ಕಂಡ ಉದ್ಯಮ ಇದು. ಅದರ ಡಬ್ಬಿಯ ಮೇಲೆ ಕೋವಿ ಇದೆಯಾ, ಸೈನಿಕ ಇದ್ದಾನಾ? ಆನೆ ಸೊಂಡಿಲಿನ ಶರಭ ಎಂಬ ಪುರಾಣದ ಪ್ರಾಣಿ ಇದೆ, ಅಷ್ಟೇ. ಪರಿಮಳ ಮಾರುವವರಿಗೆ ಯುದ್ಧದ ವಾಸನೆ ಬೇಡ. ಸೊಳ್ಳೆ ಔಷಧಿಯವರಿಗೆ ಬೇಕು. ಇತಿಹಾಸ ಏನೇ ಇರಲಿ, ಯಾವುದನ್ನು ಹೇಳಿದರೆ ಮಾಲು ಹೋಗುತ್ತದೋ ಅದನ್ನೇ ಹೇಳುವುದು.

ನಿಜವಾದ ನಂಟು ಇದ್ದೂ ಮುಜುಗರ ಆಗುವುದುಂಟು. 1971ರ ಯುದ್ಧದಲ್ಲಿ ಬಂಗಾಳ ಕೊಲ್ಲಿಯಲ್ಲಿ ಹೋರಾಡಿದ ಹಡಗು ಐಎನ್ಎಸ್ ವಿಕ್ರಾಂತ್. 1997ರಲ್ಲಿ ಸೇವೆಯಿಂದ ಇಳಿಯಿತು, ಕೆಲವು ವರ್ಷ ಮುಂಬೈಯಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿತ್ತು, ಕಡೆಗೆ 2014ರಲ್ಲಿ ಗುಜರಿಗೆ ಹೋಯಿತು. ಆ ಲೋಹದ ಒಂದಂಶ ನಮ್ಮ ಬೈಕಿನಲ್ಲಿದೆ ಅಂತ 2016ರಲ್ಲಿ ಬಜಾಜ್ ‘ವಿ’ ಎಂಬ ಗಾಡಿ ತಂತು. ಜಾಹೀರಾತು ಚೆನ್ನಾಗಿತ್ತು, ನೋಡಿದರೆ ಎದೆ ಉಬ್ಬುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಯೋಚನೆ ಬಂತು: ಅಷ್ಟು ಅಭಿಮಾನ ಇದ್ದಿದ್ದರೆ ಹಡಗನ್ನೇ ಉಳಿಸಿಕೊಳ್ಳಬಹುದಿತ್ತಲ್ಲ! ಇದು ಬೈಕ್ ಕಂಪನಿಗೆ ಹೇಳುವ ಮಾತಲ್ಲ, ನಮಗೇ.

ಕ್ರಿಕೆಟ್ ಪಂದ್ಯದ ಜಾಹೀರಾತುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2019ರಲ್ಲಿ ಸೆರೆಸಿಕ್ಕಿ ಬಿಡುಗಡೆಯಾದ ನಮ್ಮ ವಾಯುಪಡೆ ಅಧಿಕಾರಿಯನ್ನು ಅಣಕಿಸಿ, ಅದೇ ಮೀಸೆ ಅಂಟಿಸಿ, ಪಾಕಿಸ್ತಾನದ ಒಂದು ವಾಹಿನಿ ವಿಶ್ವಕಪ್ಪಿಗೆ ಜಾಹೀರಾತು ಮಾಡಿತ್ತು. ಅಸಹ್ಯ. ಅದೇ ಕಾಲಕ್ಕೆ ನಮ್ಮ ಕಡೆಯ ಪ್ರಚಾರಗಳೂ ಅಂಥ ಸಭ್ಯವೇನಲ್ಲ.

ಇತ್ತೀಚಿನದನ್ನು ಹೇಳಿ ಮುಗಿಸುತ್ತೇನೆ. 2025ರ ಮೇ 7ರ ನಸುಕಿನಲ್ಲಿ ಆಪರೇಷನ್ ಸಿಂಧೂರ ನಡೆಯಿತು. ಅದೇ ದಿನ ಆ ಹೆಸರು ತಮಗೆ ಬೇಕು ಅಂತ ಟ್ರೇಡ್‌ಮಾರ್ಕ್ ಅರ್ಜಿಗಳು ಬಿದ್ದವು. ರಿಲಯನ್ಸ್‌ನ ಜಿಯೋ ಸ್ಟುಡಿಯೋಸ್ ಕಡೆಯಿಂದಲೂ ಒಂದು. ಜನ ಬೈದರು. ಮರುದಿನವೇ ಅರ್ಜಿ ವಾಪಸ್. ಯಾರೋ ಕಿರಿಯ ಉದ್ಯೋಗಿ ಅನುಮತಿ ಇಲ್ಲದೆ ಹಾಕಿದ್ದು ಅಂತ ಕಂಪನಿಯ ಸಮಜಾಯಿಷಿ. ಇರಬಹುದು. ಆದರೆ ಆ ದಿನ ಅರ್ಜಿ ಹಾಕಿದವರು ಅವರೊಬ್ಬರೇ ಅಲ್ಲ, ಬೇರೆಯವರೂ ಸಾಲಿನಲ್ಲಿದ್ದರು. ಅವರೆಲ್ಲರ ಕಚೇರಿಯಲ್ಲೂ ಒಬ್ಬೊಬ್ಬ ಕಿರಿಯ ಉದ್ಯೋಗಿ ಇದ್ದನೇ ಅಂತ ಮಾತ್ರ ಯಾರೂ ಕೇಳಲಿಲ್ಲ.

ನಮಸ್ಕಾರ.