ಆರ್ಮ್‌ನಲ್ಲಿರೋ ಸಾಫ್ಟ್‌ಬ್ಯಾಂಕ್ ಪಾಲಿಗೆ ಬೆಲೆ ಕಟ್ಟೋದು ಹೆಂಗೆ?

ಕೇಳುಗರಿಗೆಲ್ಲ ನಮಸ್ಕಾರ. ಆರ್ಮ್ ಅನ್ನೋ ಬ್ರಿಟನ್ ಕಂಪನಿ ಹೆಸರು ಕೇಳಿರ್ತೀರ, ಮೊಬೈಲ್ ಪ್ರೊಸೆಸರ್‌ಗಳ ಮೂಲ ಡಿಸೈನ್ ಹೆಚ್ಚುಕಮ್ಮಿ ಎಲ್ಲ ಇವರದ್ದೇ, ಡಿಸೈನ್‌ಗೆ ಲೈಸೆನ್ಸ್ ಕೊಟ್ಟು ರಾಯಲ್ಟಿ ತಗೊಂಡೇ ಬೆಳೆದವರು. 2016ರಲ್ಲಿ ಜಪಾನಿನ ಹೂಡಿಕೆ ಕಂಪನಿ ಸಾಫ್ಟ್‌ಬ್ಯಾಂಕ್ ಇದನ್ನ ಸುಮಾರು 3,200 ಕೋಟಿ ಡಾಲರ್ ಕೊಟ್ಟು ಪೂರ್ತಿ ಕೊಂಡ್ಕೊಳ್ತು, ಆಮೇಲೆ ಅಮೆರಿಕದ ಚಿಪ್ ಕಂಪನಿ ಎನ್ವಿಡಿಯಾಗೆ ಮಾರಕ್ಕೆ ಹೋಗಿ ಅದು 2022ರಲ್ಲಿ ಮುರಿದುಬಿತ್ತು, ಕೊನೆಗೆ 2023ರ ಸೆಪ್ಟೆಂಬರ್ 14ಕ್ಕೆ ಆರ್ಮ್ ಅಮೆರಿಕದ ಶೇರುಪೇಟೆ ನಾಸ್ಡಾಕ್‌ಗೆ ಬಂತು.

ಐಪಿಓ ಬೆಲೆ, ಅಂದ್ರೆ ಜನರಿಗೆ ಮೊದಲ ಸಲ ಶೇರು ಮಾರಿದ ಬೆಲೆ, ಶೇರಿಗೆ 51 ಡಾಲರ್, ಮೊದಲ ದಿನ ಮುಗಿದಿದ್ದು 63.59ಕ್ಕೆ. ಒಟ್ಟು ಶೇರು ಸುಮಾರು 102 ಕೋಟಿ, ಅದ್ರಲ್ಲಿ 90 ಪರ್ಸೆಂಟ್ ಸಾಫ್ಟ್‌ಬ್ಯಾಂಕ್ ಹತ್ರಾನೇ ಉಳೀತು. ಶೇರಿಗೆ ಏರಿದ್ದನ್ನ ಆ ಶೇರುಗಳಿಗೆ ಗುಣಿಸಿ ನೋಡಿ, ಸಾಫ್ಟ್‌ಬ್ಯಾಂಕ್ ಪಾಲಿಗೆ ಒಂದೇ ದಿನಕ್ಕೆ 1,100 ಕೋಟಿ ಡಾಲರ್‌ಗಿಂತ ಜಾಸ್ತಿ ಏರಿಕೆ!

ಆದ್ರೆ ನನ್ನ ತಕರಾರು ಈ ಗುಣಾಕಾರದ ಮೇಲೇ. ಮಾರ್ಕೆಟ್‌ನಲ್ಲಿ ಕೈ ಬದಲಾಗ್ತಿದ್ದಿದ್ದು ಉಳಿದ 10 ಪರ್ಸೆಂಟ್ ಮಾತ್ರ, ಅಷ್ಟು ಕಮ್ಮಿ ಶೇರಿಗೆ ಅಷ್ಟೊಂದು ಜನ ಮುಗಿಬಿದ್ರೆ ರೇಟ್ ಏರದೆ ಇನ್ನೇನಾಗತ್ತೆ, ಸಾಫ್ಟ್‌ಬ್ಯಾಂಕ್ ತನ್ನ ಪಾಲಲ್ಲಿ ಕಾಲುಭಾಗ ಮಾರಕ್ಕೆ ಇಟ್ರೂ ಆ ರೇಟ್ ನಿಲ್ಲೋದು ಕಷ್ಟ. ಐಪಿಓಗೆ ಒಂದು ತಿಂಗಳ ಮುಂಚೆ ಇದೇ ಸಾಫ್ಟ್‌ಬ್ಯಾಂಕ್ ತಾನೇ ನಡೆಸೋ ವಿಷನ್ ಫಂಡ್ ಅನ್ನೋ ಹೂಡಿಕೆ ನಿಧಿಯಿಂದ ಆರ್ಮ್‌ನ 25 ಪರ್ಸೆಂಟ್ ಪಾಲು ತಗೊಳ್ತು, ಆಗ ಕಟ್ಟಿದ್ದು ಇಡೀ ಕಂಪನಿಗೆ 6,400 ಕೋಟಿ ಡಾಲರ್ ಲೆಕ್ಕ, ಐಪಿಓ ಬಂದಿದ್ದು 5,450 ಕೋಟಿ ಲೆಕ್ಕದಲ್ಲಿ. ಬಲಗೈಯಿಂದ ಎಡಗೈಗೆ ಕೊಟ್ಟಾಗ ಹೇಳಿದ ರೇಟು ಅದು, ಬಿಡಿ.

ಇನ್ನೊಂದು ಸಂಗತಿ ಅಕೌಂಟ್ಸ್‌ದು. ಆರ್ಮ್ ಈಗಲೂ ಸಾಫ್ಟ್‌ಬ್ಯಾಂಕ್ ಕಂಟ್ರೋಲ್‌ನಲ್ಲಿರೋ ಸಬ್ಸಿಡಿಯರಿ, ಅಂದ್ರೆ ಅಂಗಸಂಸ್ಥೆ, ಹಂಗಾಗಿ ಶೇರು ಎಷ್ಟೇ ಏರಲಿ ಅದು ಲಾಭ-ನಷ್ಟದ ಪಟ್ಟೀಲಿ ಬರಲ್ಲ, ಐಪಿಓದಲ್ಲಿ ಮಾರಿದ್ದರ ಗಳಿಕೆ ಕೂಡ ಸೀದಾ ಈಕ್ವಿಟಿಗೆ, ಅಂದ್ರೆ ಮಾಲೀಕರ ಬಂಡವಾಳದ ಲೆಕ್ಕಕ್ಕೆ, ಹೋಗತ್ತೆ. ಅದಕ್ಕೇ ಸಾಫ್ಟ್‌ಬ್ಯಾಂಕ್‌ನ ತ್ರೈಮಾಸಿಕ ಲಾಭ ನೋಡಿ ಆರ್ಮ್ ಪಾಲಿನ ಬೆಲೆ ಎಷ್ಟು ಏರಿತು ಅಂತ ತಿಳಿಯಲ್ಲ, ಅವರು ಬೇರೆಯಾಗಿ ಕೊಡೋ ನೆಟ್ ಅಸೆಟ್ ವ್ಯಾಲ್ಯೂ, ಅಂದ್ರೆ ಆಸ್ತಿಯಲ್ಲಿ ಸಾಲ ಕಳೆದು ಉಳಿಯೋ ಬೆಲೆ, ನೋಡ್ಬೇಕು, ಅದ್ರಲ್ಲಿರೋದೂ ಮಾರ್ಕೆಟ್ ರೇಟೇ.

ಮಾರ್ಕೆಟ್ ಅಂತೂ ಆ ಲೆಕ್ಕ ಪೂರ್ತಿ ನಂಬಲೇ ಇಲ್ಲ. 2024ರ ಫೆಬ್ರವರಿಯಲ್ಲಿ ರಿಸಲ್ಟ್ ಬಂದು ಆರ್ಮ್ ಒಂದೇ ದಿನ 48 ಪರ್ಸೆಂಟ್ ಹಾರಿದಾಗ, ಆ ಪಾಲಿನ ಬೆಲೆ ಸಾಫ್ಟ್‌ಬ್ಯಾಂಕ್‌ನ ಇಡೀ ಮಾರ್ಕೆಟ್ ಕ್ಯಾಪ್‌ಗಿಂತ, ಅಂದ್ರೆ ಅದರ ಎಲ್ಲ ಶೇರುಗಳ ಒಟ್ಟು ಬೆಲೆಗಿಂತ, ಜಾಸ್ತಿ ಆಗೋಯ್ತು! ಸಾಲ, ಟ್ಯಾಕ್ಸ್, ಮಾರೋವಾಗ ಬೀಳೋ ರೇಟು ಎಲ್ಲ ಕಳೆದೇ ಹೂಡಿಕೆದಾರರು ನೋಡ್ತಾರೆ. ಬ್ಯಾಂಕ್‌ಗಳು ಇನ್ನೂ ಹುಷಾರು, ಆರ್ಮ್ ಶೇರು ಅಡ ಇಟ್ಕೊಂಡು ಐಪಿಓ ಹೊತ್ತಿಗೆ ಅವರು ಕೊಟ್ಟಿದ್ದ ಸಾಲ 850 ಕೋಟಿ ಡಾಲರ್ ಅಷ್ಟೇ.