ಅಮ್ಮನ ನಂಬರ್ 15

ಎಲ್ಲರಿಗೂ ನಮಸ್ಕಾರ. ಹತ್ತು ನಿಮಿಷ ಕೊಟ್ಟಿದ್ದಾರೆ. ಹೊರದೇಶದ ಆಟಗಾರರು ಯಾರಾದರೂ ಒಬ್ಬರ ಬಗ್ಗೆ ಮಾತಾಡಿ ಮೇಡಂ ಅಂದರು. ಮೂವತ್ತು ವರ್ಷದಿಂದ ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತಿರುವವಳ ಬಾಯಿಗೆ ಯಾರ ಹೆಸರು ಬರಬೇಕು ಹೇಳಿ? ಆಸ್ಟ್ರೇಲಿಯಾದ ಲಾರೆನ್ ಜಾಕ್ಸನ್.

ಈ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡು ಕೂತವರು ಯಾರು ಅಂತ ನನಗೆ ಗೊತ್ತು. ಮಧ್ಯಾಹ್ನದ ಊಟ ಮುಗಿಸಿ ರಾತ್ರಿಗೆ ಸೊಪ್ಪು ಬಿಡಿಸುತ್ತಿರುವ ಅಮ್ಮಂದಿರು. ನಿಮ್ಮ ಮನೆಯಲ್ಲಿ ಎಂಟನೇ ಕ್ಲಾಸಿನದೋ ಒಂಬತ್ತನೇ ಕ್ಲಾಸಿನದೋ ಹುಡುಗಿ ಇದ್ದರೆ ಸ್ವಲ್ಪ ಸೌಂಡ್ ಜಾಸ್ತಿ ಮಾಡಿ. ನನ್ನ ಹತ್ತಿರ ಇರುವುದು ಒಂದೇ ಮಾತು, ಈಗಲೇ ಹೇಳಿಬಿಡುತ್ತೇನೆ. ಎಸ್ಸೆಸ್ಸೆಲ್ಸಿ ಬಂತು ಅಂತ ಹುಡುಗಿಯನ್ನು ಆಟ ಬಿಡಿಸಬೇಡಿ.

ಇನ್ನು ಲಾರೆನ್ ಕತೆ. ಏಕವಚನದಲ್ಲಿ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕೋಚ್ ಕಣ್ಣಿಗೆ ಆಟಗಾರ್ತಿಯರೆಲ್ಲ ಹುಡುಗಿಯರೇ.

ಹುಟ್ಟಿದ್ದು 1981ರ ಮೇ ತಿಂಗಳಲ್ಲಿ, ಆಲ್ಬರಿ ಅನ್ನುವ ಊರಿನಲ್ಲಿ. ಸಿಡ್ನಿಯಂಥ ದೊಡ್ಡ ಶಹರ ಅಲ್ಲ. ಮರ್ರೆ ಅಂತ ನದಿ, ಅದರ ಈಚೆ ದಡದಲ್ಲಿ ಆಲ್ಬರಿ. ಸೇತುವೆ ದಾಟಿದರೆ ಬೇರೆ ರಾಜ್ಯವೇ ಶುರು. ಅಪ್ಪ ಗ್ಯಾರಿ ಆಸ್ಟ್ರೇಲಿಯಾ ತಂಡಕ್ಕೆ ಆಡಿದವರು. ಅಮ್ಮ ಮರೀ ಕೂಡ ಆಸ್ಟ್ರೇಲಿಯಾ ತಂಡಕ್ಕೆ ಆಡಿದವರು. ಅಮ್ಮನ ಅಂಗಿಯ ಮೇಲೆ ಇದ್ದದ್ದು 15ನೇ ನಂಬರ್. ಮಗಳೂ ಅದೇ ನಂಬರ್ ಹಾಕಿಕೊಂಡಳು.

ನಮ್ಮ ಕಡೆ ಅಮ್ಮನಿಂದ ಮಗಳಿಗೆ ಬರುವುದು ಬಳೆ, ಸರ, ರೇಷ್ಮೆ ಸೀರೆ. ಆ ಮನೆಯಲ್ಲಿ ಬಂದದ್ದು ಒಂದು ನಂಬರ್. ಅಮ್ಮ ಆಡಿದವಳಾದರೆ ಮಗಳ ಆಟ ಬಿಡಿಸುವ ಮಾತೇ ಆ ಮನೆಯಲ್ಲಿ ಏಳುವುದಿಲ್ಲ. ಸುಮ್ನೆ ಹೇಳಿದೆ.

ಹುಡುಗಿ ಬೆಳೆದಳು. ಎಷ್ಟು? ಆರು ಅಡಿ ಐದು ಇಂಚು. ಅಯ್ಯೋ, ಅಷ್ಟು ಉದ್ದ ಹುಡುಗಿಗೆ ಗಂಡು ಎಲ್ಲಿ ಹುಡುಕೋದು ಅಂದಿರಿ ಅಲ್ವಾ? ಕೇಳಿಸಿತು. ಐದು ಅಡಿ ಎಂಟು ಇಂಚಿನ ಹುಡುಗಿಯ ಅಮ್ಮನೂ ನನಗೆ ಇದೇ ಮಾತು ಹೇಳಿದ್ದಾರೆ. ಲಾರೆನ್‌ಗೆ 16 ವರ್ಷ ಆದಾಗ ದೇಶದ ತಂಡದಿಂದ ಕರೆ ಬಂತು. ನಮ್ಮಲ್ಲಿ ಆ ವಯಸ್ಸಿಗೆ ಶೂ ಕಟ್ಟಿಟ್ಟು ಟ್ಯೂಷನ್ನಿಗೆ ಸೇರಿಸುತ್ತೇವೆ. 17ಕ್ಕೆ ಅವಳು 1998ರ ವಿಶ್ವ ಚಾಂಪಿಯನ್‌ಶಿಪ್ ಆಡಿದಳು, ತಂಡಕ್ಕೆ ಕಂಚು ಬಂತು.

ಈಗ ಸಿಡ್ನಿ ಕತೆ. ನನಗೆ ಬಹಳ ಇಷ್ಟವಾದದ್ದು, ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

2000ನೇ ಇಸವಿ, ಸೆಪ್ಟೆಂಬರ್ 30. ಸಿಡ್ನಿಯ ಸೂಪರ್‌ಡೋಮ್. ಒಲಿಂಪಿಕ್ಸ್ ಹೆಂಗಸರ ಫೈನಲ್. ಆಸ್ಟ್ರೇಲಿಯಾ ಒಂದು ಕಡೆ, ಅಮೆರಿಕ ಇನ್ನೊಂದು ಕಡೆ. ಲಾರೆನ್‌ಗೆ 19 ವರ್ಷ. ಎದುರಿಗೆ ಲೀಸಾ ಲೆಸ್ಲಿ. ಅವಳೂ ಆರು ಅಡಿ ಐದು ಇಂಚು, ವಯಸ್ಸಿನಲ್ಲಿ ಒಂಬತ್ತು ವರ್ಷ ದೊಡ್ಡವಳು, ಆ ಕಾಲಕ್ಕೆ ಈ ಆಟದ ರಾಣಿ.

ರಿಂಗ್ ಕೆಳಗೆ ಏನು ನಡೆಯುತ್ತದೆ ಅಂತ ಟಿವಿಯಲ್ಲಿ ಸರಿಯಾಗಿ ಕಾಣುವುದಿಲ್ಲ. ನೀವು ಬಸ್ ಹತ್ತುತ್ತೀರಲ್ಲ, ಬೆಳಗ್ಗೆ ಎಂಟೂವರೆ ಬಸ್ಸು? ಬಾಗಿಲ ಹತ್ತಿರ ಹಿಂದಿನವರಿಗೆ ಬೆನ್ನು ಕೊಟ್ಟು, ಮೊಣಕೈ ಅಗಲ ಮಾಡಿ, ಸೊಂಟ ಇಳಿಸಿ ನಿಲ್ಲುತ್ತೀರಲ್ಲ, ಅದೇ. ಚೆಂಡು ರಿಂಗಿಗೆ ಬಡಿದು ವಾಪಸ್ ಬರುವಾಗ ಜಾಗ ಹಿಡಿದವಳಿಗೆ ಅದು ಸಿಗುತ್ತದೆ. ಜಾಗ ಹಿಡಿಯುವಾಗ ತಳ್ಳಾಟ ಇದ್ದದ್ದೇ. ಕೈ ಎಲ್ಲಿ ಹೋಯಿತು, ಬೆರಳು ಎಲ್ಲಿ ಸಿಕ್ಕಿತು ಅಂತ ಆಡುವವರಿಗೂ ಗೊತ್ತಾಗುವುದಿಲ್ಲ.

ಹಾಗೆ ಇಬ್ಬರೂ ಮೈಗೆ ಮೈ ತಾಗಿಸಿ ಗುದ್ದಾಡುತ್ತಿದ್ದಾರೆ. ಲೆಸ್ಲಿ ಕೂದಲನ್ನು ಹಿಂದಕ್ಕೆ ಜುಟ್ಟು ಕಟ್ಟಿದ್ದಳು. ಲಾರೆನ್ ಕೈ ಅದಕ್ಕೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳುವ ಹೊತ್ತಿಗೆ ಜುಟ್ಟೇ ಕಿತ್ತು ಬಂತು! ಗಾಬರಿ ಬೇಡ. ಅದು ಚೌರಿ. ಮದುವೆಗೆ ಹೋಗುವಾಗ ಜಡೆ ಉದ್ದ ಕಾಣಲಿ ಅಂತ ನಾವು ಸೇರಿಸಿ ಹೆಣೆಯುತ್ತೇವಲ್ಲ, ಅಂಥದ್ದೇ. ನನಗೂ ಒಂದು ಸಲ ಛತ್ರದಲ್ಲಿ ಊಟದ ಪಂಕ್ತಿಯಲ್ಲೇ ಚೌರಿ ಕಳಚಿ ಬಿದ್ದಿತ್ತು, ಎಲೆಯ ಪಕ್ಕಕ್ಕೆ. ನೋಡಿದವರು ನಾಲ್ಕು ಜನ. ಲೆಸ್ಲಿಯದ್ದನ್ನು ಇಡೀ ಪ್ರಪಂಚವೇ ನೋಡಿತು.

ಬೇಕಂತ ಎಳೆದದ್ದಲ್ಲ ಅಂತಲೇ ಲಾರೆನ್ ಹೇಳಿದ್ದು. ನಾನು ನಂಬುತ್ತೇನೆ. ಪಂದ್ಯವನ್ನು ಅಮೆರಿಕ 76-54ರಲ್ಲಿ ಗೆದ್ದಿತು, ಲಾರೆನ್‌ಗೆ ಬೆಳ್ಳಿ. ಆದರೆ ಮಾರನೇ ದಿನ ಜನ ಮಾತಾಡಿದ್ದು ಸ್ಕೋರ್ ಬಗ್ಗೆ ಅಲ್ಲ, ಆ ಕೂದಲಿನ ಬಗ್ಗೆ. ನನಗೆ ಇಷ್ಟವಾಗುವುದು ಮಾತ್ರ ಇನ್ನೊಂದು. ಹತ್ತೊಂಬತ್ತರ ಹುಡುಗಿ ಆಟದ ರಾಣಿಗೆ ಜಾಗ ಬಿಟ್ಟುಕೊಡಲಿಲ್ಲ. ಆ ಧೈರ್ಯ ಒಂದು ದಿನದ್ದಲ್ಲ. ಹದಿನೈದು, ಹದಿನಾರು, ಹದಿನೇಳರಲ್ಲಿ ದಿನಾ ಸಂಜೆ ಕೋರ್ಟಿಗೆ ಹೋಗಿ ತಳ್ಳಿಸಿಕೊಂಡರೆ ಬರುತ್ತದೆ. ನೀವು ಆಟ ಬಿಡಿಸುವುದು ಆ ಮೂರು ವರ್ಷದಲ್ಲೇ.

ಗಾಜಿನ ಆಚೆ ಕೂತವರು ಕೈ ತೋರಿಸುತ್ತಿದ್ದಾರೆ. ಅಯ್ಯೋ, ನಾಲ್ಕೇ ನಿಮಿಷ ಇದೆಯಂತೆ. ನಾನಿನ್ನೂ 2000ದಲ್ಲೇ ಇದ್ದೇನೆ! ಬೇಗ ಬೇಗ ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ.

2001ರಲ್ಲಿ ಅಮೆರಿಕದ ಡಬ್ಲ್ಯುಎನ್‌ಬಿಎ, ಅಂದರೆ ಹೆಂಗಸರ ಬ್ಯಾಸ್ಕೆಟ್‌ಬಾಲ್ ಲೀಗಿಗೆ ಹೊಸಬರನ್ನು ಆರಿಸುವಾಗ ಎಲ್ಲರಿಗಿಂತ ಮೊದಲು ಕೂಗಿದ ಹೆಸರು ಲಾರೆನ್‌ದು. ತಂಡ ಸಿಯಾಟಲ್ ಸ್ಟಾರ್ಮ್. ಆ ಲೀಗಿನಲ್ಲಿ ಆಡಿದ ಅಷ್ಟೂ ವರ್ಷ ಅದೊಂದೇ ತಂಡ. 2003ರಲ್ಲಿ ಲೀಗಿನ ಅತ್ಯುತ್ತಮ ಆಟಗಾರ್ತಿ, ಅಮೆರಿಕದವರಲ್ಲದವರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. 2007ರಲ್ಲಿ ಮತ್ತೆ, 2010ರಲ್ಲಿ ಮತ್ತೆ. 2004 ಮತ್ತು 2010ರಲ್ಲಿ ತಂಡ ಚಾಂಪಿಯನ್. ಅವಳ ವಿಶೇಷ ಏನು ಅಂದರೆ, ಅಷ್ಟು ಎತ್ತರದವರು ಸಾಮಾನ್ಯವಾಗಿ ರಿಂಗ್ ಕೆಳಗೇ ನಿಲ್ಲುತ್ತಾರೆ. ಇವಳು ಹೊರಗೆ ಬಂದು ದೂರದಿಂದ ಮೂರು ಪಾಯಿಂಟಿನ ಶಾಟೂ ಹಾಕುತ್ತಿದ್ದಳು. ಕಾಯುವವಳು ಹೊರಗೆ ಬಂದರೆ ಇವಳು ಒಳಗೆ ನುಗ್ಗುತ್ತಾಳೆ. ಒಳಗೇ ನಿಂತರೆ ಹೊರಗಿಂದ ಹಾಕುತ್ತಾಳೆ. ಏನು ಮಾಡ್ತೀರಿ?

ಒಲಿಂಪಿಕ್ಸ್‌ನಲ್ಲಿ 2004, 2008 ಎರಡರಲ್ಲೂ ಬೆಳ್ಳಿ, ಎರಡು ಸಲವೂ ಸೋತದ್ದು ಅಮೆರಿಕಕ್ಕೇ. 2006ರಲ್ಲಿ ಬ್ರೆಜಿಲ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ಚಿನ್ನ. ಆ ಸಲ ಅಮೆರಿಕ ಫೈನಲಿಗೇ ಬರಲಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ದೇಶದ ಬಾವುಟ ಹಿಡಿದು ಮುಂದೆ ನಡೆದವಳು ಇವಳೇ. ಅಲ್ಲಿ ಕಂಚು.

ಆಮೇಲೆ ಮಂಡಿ ಕೈಕೊಟ್ಟಿತು. ಮಂಡಿಯ ಬಗ್ಗೆಯೇ ಒಂದು ದಿನ ಪೂರ್ತಿ ಮಾತಾಡಬಹುದು, ಇನ್ನೊಮ್ಮೆ ಕರೆದರೆ ಬರುತ್ತೇನೆ. ಆಪರೇಷನ್ ಮೇಲೆ ಆಪರೇಷನ್. 2016ರಲ್ಲಿ ಆಟ ನಿಲ್ಲಿಸುತ್ತೇನೆ ಅಂದಳು. 35 ವರ್ಷವೂ ತುಂಬಿರಲಿಲ್ಲ. ಮುಂದೆ ಇಬ್ಬರು ಗಂಡುಮಕ್ಕಳಾದರು. ಸಿಯಾಟಲ್‌ನವರು 15ನೇ ನಂಬರನ್ನು ಇನ್ನು ಯಾರಿಗೂ ಕೊಡುವುದಿಲ್ಲ ಅಂತ ಮೇಲೆ ನೇತುಹಾಕಿದರು. ಊರಿನ ಒಳಾಂಗಣ ಕ್ರೀಡಾಂಗಣಕ್ಕೆ ಇವಳ ಹೆಸರೇ ಇದೆ. 2021ರಲ್ಲಿ ಅಮೆರಿಕದ ಹಾಲ್ ಆಫ್ ಫೇಮ್‌ಗೂ ಸೇರಿಸಿಕೊಂಡರು. ಹಾಲ್ ಆಫ್ ಫೇಮ್ ಅಂದರೆ ಆಟ ಮುಗಿಸಿದವರಿಗೆ ಹಾಕುವ ಹಾರ. ಈ ಹುಡುಗಿ ಹಾರ ಹಾಕಿಸಿಕೊಂಡಳು, ಮುಂದಿನ ವರ್ಷ ಶೂ ಕಟ್ಟಿಕೊಂಡು ಆಡಲು ಬಂದಳು!

ಹೌದು. 2022ರಲ್ಲಿ, ಊರಿನ ತಂಡಕ್ಕೆ, ಆಲ್ಬರಿ ವೊಡೊಂಗಾ ಬ್ಯಾಂಡಿಟ್ಸ್ ಅಂತ. ತನ್ನ ಹೆಸರಿನ ಬೋರ್ಡ್ ಕೆಳಗೇ ನಡೆದು ಒಳಗೆ ಹೋಗಿ ಆಡುವುದು ಹೇಗಿರುತ್ತದೋ! ಮಕ್ಕಳಿಬ್ಬರೂ ಅಲ್ಲಿಯವರೆಗೆ ಅಮ್ಮ ಪಂದ್ಯ ಆಡಿದ್ದನ್ನು ನೋಡಿಯೇ ಇರಲಿಲ್ಲ. ಅದೇ ವರ್ಷ ವಿಶ್ವಕಪ್ ನಡೆದದ್ದು ಸಿಡ್ನಿಯಲ್ಲಿ. ದೇಶದ ತಂಡಕ್ಕೆ ಮತ್ತೆ ಆರಿಸಿದರು. ಕೋಚ್ ಸ್ಯಾಂಡಿ ಬ್ರಾಂಡೆಲೊ, 2000ದಲ್ಲಿ ಜೊತೆಗೆ ಬೆಳ್ಳಿ ಗೆದ್ದವರು.

ಅಕ್ಟೋಬರ್ 1ನೇ ತಾರೀಖು ಕಂಚಿನ ಪಂದ್ಯ, ಎದುರಿಗೆ ಕೆನಡಾ. ಅದೇ ಸೂಪರ್‌ಡೋಮ್. ಚೌರಿ ಬಿದ್ದ ದಿನಕ್ಕೂ ಇದಕ್ಕೂ ಲೆಕ್ಕ ಹಾಕಿ, 22 ವರ್ಷ, ಒಂದು ದಿನ. ಲಾರೆನ್‌ಗೆ 41. ಬೆಂಚಿನಿಂದ ಎದ್ದು ಬಂದು 30 ಪಾಯಿಂಟ್ ಹಾಕಿದಳು. ಆಸ್ಟ್ರೇಲಿಯಾ 95-65. ನಾನು ಫೋನಿನಲ್ಲಿ ನೋಡುತ್ತಾ ಕೂಗಿಕೊಂಡೆ, ಪಕ್ಕದ ಮನೆಯವರು ಬಂದು ಏನಾಯ್ತು ಅಂತ ವಿಚಾರಿಸಿದರು. ಅಷ್ಟಕ್ಕೂ ಬಿಡಲಿಲ್ಲ, 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ಗೂ ಹೋದಳು. 43 ವರ್ಷ, ಮತ್ತೆ ಕಂಚು.

ಅವಳ ದೇಶದ ತಂಡ ನಮ್ಮೂರಿಗೂ ಬಂದಿತ್ತು, ಗೊತ್ತಾ? 2017ರ ಜುಲೈ, ಬೆಂಗಳೂರಿನ ಕಂಠೀರವದಲ್ಲಿ ಹೆಂಗಸರ ಏಷ್ಯಾ ಕಪ್. ಆಗ ಲಾರೆನ್ ಇರಲಿಲ್ಲ, ಆಟ ನಿಲ್ಲಿಸಿದ್ದಳು. ಫೈನಲಿನಲ್ಲಿ ಜಪಾನ್ ಎದುರು ಒಂದೇ ಒಂದು ಪಾಯಿಂಟಿನಲ್ಲಿ ಸೋತರು. ನನ್ನ ಹನ್ನೊಂದು ಹುಡುಗಿಯರನ್ನು ಗ್ಯಾಲರಿಯಲ್ಲಿ ಕೂರಿಸಿಕೊಂಡು ನೋಡಿದ್ದೆ. ಆ ಹನ್ನೊಂದರಲ್ಲಿ ಈಗ ಆಡುತ್ತಿರುವವರು ಇಬ್ಬರು. ಉಳಿದವರಿಗೇನು ಗಾಯ ಆಗಿರಲಿಲ್ಲ. ಹತ್ತನೇ ಕ್ಲಾಸ್ ಆಗಿತ್ತು.

ಸರಿ ಸರಿ, ಮುಗಿಸಿ ಅಂತಿದ್ದಾರೆ. ಒಂದೇ ನಿಮಿಷ. ಕಳೆದ ಜೂನ್‌ನಲ್ಲಿ ಒಬ್ಬ ಹುಡುಗಿ ಬರುವುದು ನಿಲ್ಲಿಸಿದಳು. ಹೆಸರು ಹೇಳುವುದಿಲ್ಲ. ಎಡಗೈಯಲ್ಲಿ ಚೆನ್ನಾಗಿ ಲೇಅಪ್, ಅಂದರೆ ಓಡಿ ಬಂದು ರಿಂಗ್ ಹತ್ತಿರದಿಂದ ಹಾಕುವ ಶಾಟ್, ಹಾಕುತ್ತಿದ್ದಳು. ಶೂ ಮನೆಗೆ ಒಯ್ದರೆ ಅಮ್ಮ ಬೈತಾರೆ ಅಂತ ನಮ್ಮ ಚೆಂಡಿನ ಬೀರುವಿನಲ್ಲೇ ಬಿಟ್ಟು ಹೋದಳು. ಅವಳ ಅಮ್ಮ ಕೇಳುತ್ತಿದ್ದರೆ, ನೋಡಿ ಅಮ್ಮ, ಪ್ರಾಕ್ಟೀಸ್ ಸಂಜೆ ಐದೂವರೆಗೆ, ಏಳಕ್ಕೆ ಬಿಟ್ಟುಬಿಡುತ್ತೇನೆ. ಶೂ ಕೆಳಗಿನ ಖಾನೆಯಲ್ಲಿದೆ. ಇನ್ನೂ ಯಾರಿಗೂ ಕೊಟ್ಟಿಲ್ಲ.