ಕೇಳಿಸಿಕೊಂಡ ಸೆಮಿಫೈನಲ್

ಎಲ್ಲರಿಗೂ ನಮಸ್ಕಾರ.

ಈಗಷ್ಟೇ ಮೈಕ್ ಕುಂಯ್ ಅಂತ ಕೂಗಿತಲ್ಲ, ನಿಮ್ಮಲ್ಲಿ ಅರ್ಧ ಜನ ಕಿವಿ ಮುಚ್ಚಿಕೊಂಡಿರಿ. ಉಳಿದರ್ಧ ಜನ ಆ ಮೈಕ್‌ಸೆಟ್ ಹುಡುಗನನ್ನು ಗುರಾಯಿಸಿದಿರಿ. ಪಾಪ, ಅವನದೇನೂ ತಪ್ಪಿಲ್ಲ. ನಾನೇ ಮೈಕ್ ಹಿಡಿದುಕೊಂಡು ಸೀದಾ ಸ್ಪೀಕರ್ ಬಾಯಿಗೆ ಹೋಗಿ ನಿಂತೆ. ಸ್ಪೀಕರಿನ ಸದ್ದು ಮೈಕಿಗೆ ಹೊಕ್ಕಿತು, ದೊಡ್ಡದಾಗಿ ಮತ್ತೆ ಸ್ಪೀಕರಿಗೆ ಬಂತು, ಮತ್ತೆ ಮೈಕಿಗೆ ಹೋಯಿತು. ಸುತ್ತಿ ಸುತ್ತಿ ಕೂಗಿದ್ದು ಅದು. ಸೌಂಡ್ ಕೆಲಸದವನನ್ನು ಕರೆಸಿ ಉಪನ್ಯಾಸ ಮಾಡಿಸಿದರೆ ಹೀಗೇ ಆಗೋದು. ನಮಗೆ ಮೈಕಿನ ಎದುರು ನಿಂತು ಅಭ್ಯಾಸವೇ ಇಲ್ಲ.

ಸಂಘದವರು ಕೊಟ್ಟ ವಿಷಯ ‘ಹೊರದೇಶದಲ್ಲಿ ಕ್ರಿಕೆಟ್ ಪ್ರಸಾರ: ನನ್ನ ಒಂದು ದಿನ’. ಮುಕ್ಕಾಲು ಗಂಟೆ ಟೈಮ್. ಚೀಟಿಯಲ್ಲಿ ನಾಲ್ಕು ಪಾಯಿಂಟ್ ಬರೆದುಕೊಂಡು ಬಂದಿದ್ದೇನೆ. ಒಂದು, ಕೆಲಸ. ಎರಡು, ಆ ದಿನ. ಮೂರು, ಊಟ ತಿಂಡಿ. ನಾಲ್ಕು, ಈ ಲೈನಿಗೆ ಬರುವುದು ಹೇಗೆ. ಹಿಂದೆ ಕೂತಿರುವ ಹುಡುಗರು ನಾಲ್ಕನೆಯದಕ್ಕೇ ಬಂದಿರೋದು ಅಂತ ಗೊತ್ತು. ಸ್ವಲ್ಪ ತಡೆದುಕೊಳ್ಳಿ.

ದಿನ ಯಾವುದು ಅಂದರೆ, 2019ರ ಜುಲೈ 10. ಮ್ಯಾಂಚೆಸ್ಟರ್, ಓಲ್ಡ್ ಟ್ರಾಫರ್ಡ್. ವರ್ಲ್ಡ್ ಕಪ್ ಸೆಮಿಫೈನಲ್, ಭಾರತ–ನ್ಯೂಜಿಲೆಂಡ್. ಅಲ್ಲಿ ಯಾರೋ ‘ಅಯ್ಯೋ’ ಅಂದರಲ್ಲ, ಥ್ಯಾಂಕ್ಸ್. ಫಲಿತಾಂಶ ಹೇಳುವ ಕೆಲಸ ತಪ್ಪಿತು.

ಊರಿಗೆ ಬಂದಾಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ‘ಮ್ಯಾಚ್ ಹತ್ತಿರದಿಂದ ನೋಡಿದ್ಯಾ?’ ಇಲ್ಲ ಸ್ವಾಮಿ. ಎರಡು ದಿನ ಅಲ್ಲಿದ್ದೆ, ಒಂದು ಬಾಲನ್ನೂ ಬರಿಗಣ್ಣಲ್ಲಿ ನೋಡಲಿಲ್ಲ. ಸ್ಟೇಡಿಯಂ ಹಿಂದೆ ಕಿಟಕಿ ಇಲ್ಲದ ಉದ್ದನೆಯ ಲಾರಿ ನಿಂತಿರುತ್ತದೆ, ಓಬಿ ವ್ಯಾನ್ ಅಂತ. ಅದರ ಒಂದು ಮೂಲೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ನೀವು ನೋಡಿದ್ದನ್ನೇ ನಾನೂ ನೋಡಿದ್ದು, ಅದೂ ನಿಮ್ಮ ಟಿವಿಗಿಂತ ಚಿಕ್ಕ ಸ್ಕ್ರೀನಿನಲ್ಲಿ. ಆದರೆ ಕೇಳಿದ್ದೇನೆ. ನಿಮ್ಮೆಲ್ಲರಿಗಿಂತ ಜಾಸ್ತಿ ಕೇಳಿದ್ದೇನೆ.

ನನ್ನ ವಾದ ಇಷ್ಟೇ. ಟಿವಿಯಲ್ಲಿ ಕ್ರಿಕೆಟ್ ನೋಡುವ ಆಟಕ್ಕಿಂತ ಕೇಳುವ ಆಟ. ನಗಬೇಡಿ. ಇವತ್ತು ರಾತ್ರಿ ಮನೆಗೆ ಹೋಗಿ ಯಾವುದಾದರೂ ಹಳೇ ಮ್ಯಾಚ್ ಹಾಕಿ, ಮ್ಯೂಟ್ ಒತ್ತಿ, ಹತ್ತು ನಿಮಿಷ ನೋಡಿ. ಆಕಳಿಕೆ ಬರದೇ ಇದ್ದರೆ ನನಗೆ ಫೋನ್ ಮಾಡಿ. ಆ ವರ್ಲ್ಡ್ ಕಪ್ಪಿನಲ್ಲಿ ಪ್ರತಿ ಮ್ಯಾಚಿಗೂ ಮೂವತ್ತಕ್ಕೂ ಜಾಸ್ತಿ ಕ್ಯಾಮೆರಾ ಇದ್ದವು. ಗಾಲಿ ಮೇಲೆ ಓಡುವುದು, ತಂತಿ ಮೇಲೆ ತೂಗಾಡುವುದು, ಸ್ಟಂಪಿನೊಳಗೆ ಕೂತಿರುವುದು. ಅವಕ್ಕೆಲ್ಲ ಜಾಹೀರಾತು, ಹೊಗಳಿಕೆ. ಸೌಂಡಿನವರು ಯಾರಿಗೂ ನೆನಪಾಗುವುದಿಲ್ಲ. ನೆನಪಾದರೆ ಸೌಂಡ್ ಕೆಟ್ಟಿದೆ ಅಂತ ಅರ್ಥ.

ನಾನು ಈ ಕೆಲಸ ಕಲಿತದ್ದು ಯಾವ ಇನ್‌ಸ್ಟಿಟ್ಯೂಟಿನಲ್ಲೂ ಅಲ್ಲ. ತೀರ್ಥಹಳ್ಳಿಯಲ್ಲಿ ಮಾವನ ಮೈಕ್‌ಸೆಟ್ ಅಂಗಡಿಯಲ್ಲಿ. ಗಣಪತಿ ಪೆಂಡಾಲು, ಮದುವೆ, ಯಕ್ಷಗಾನ. ಯಕ್ಷಗಾನದಲ್ಲಿ ಚೆಂಡೆ ಇದೆಯಲ್ಲ, ಅದಕ್ಕೆ ಮೈಕೇ ಬೇಡ, ಆದರೂ ಭಾಗವತರ ಮೈಕಿನೊಳಗೆ ಬಂದು ಕೂರುತ್ತದೆ. ಪದ ಕೇಳಬೇಕು, ಚೆಂಡೆಯೂ ಸಾಯಬಾರದು. ಇಡೀ ರಾತ್ರಿ ಒಂದೇ ಗುಂಡಿ ತಿರುಗಿಸುತ್ತ ಕೂರಬೇಕು. ಮ್ಯಾಂಚೆಸ್ಟರಿನಲ್ಲಿ ಮಾಡಿದ್ದೂ ಅದನ್ನೇ. ಗುಂಡಿ ಹೋಗಿ ಫೇಡರ್ ಬಂದಿತ್ತು, ಮೇಲೆ ಕೆಳಗೆ ಜಾರಿಸಿ ಸದ್ದು ಏರಿಸಿ ಇಳಿಸುವುದು, ಅಷ್ಟೇ.

ಕೆಲಸ ಹೀಗೆ. ಎರಡೂ ಕಡೆ ಸ್ಟಂಪಿನ ಹತ್ತಿರ ಪುಟ್ಟ ಮೈಕ್ ಇರುತ್ತದೆ. ಬೌಂಡರಿ ಸುತ್ತ ಉದ್ದ ಮೈಕ್‌ಗಳು, ಗಾಳಿ ಹೊಡೆಯದ ಹಾಗೆ ಮೇಲೆ ಬೂದು ತುಪ್ಪಳದ ಚೀಲ. ದೂರದಿಂದ ನೋಡಿದರೆ ಬೆಕ್ಕು ಮಲಗಿದ ಹಾಗೆ. ಜನರ ಸದ್ದಿಗೆ ಬೇರೆ ಮೈಕ್. ಎಲ್ಲವನ್ನೂ ಒಟ್ಟಿಗೆ ತೆರೆದರೆ ಏನಾಗುತ್ತದೆ? ನಮ್ಮೂರಲ್ಲಿ ತುಂಗೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವುದನ್ನು ನೋಡಿದವರಿಗೆ ಗೊತ್ತು. ಬಟ್ಟೆ ಕಲ್ಲಿಗೆ ಬಿದ್ದು ಮತ್ತೆ ಮೇಲೆದ್ದ ಮೇಲೆ ‘ಧಪ್’ ಅಂತ ಕೇಳಿಸುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಬೌಂಡರಿ ಮೈಕ್ 70 ಮೀಟರ್ ದೂರ ಇದ್ದರೆ ಬ್ಯಾಟಿನ ಸದ್ದು ಅಲ್ಲಿಗೆ ಮುಟ್ಟುವಾಗ ಸೆಕೆಂಡಿನ ಐದನೇ ಒಂದು ಭಾಗ ತಡ. ಅಲ್ಲಿನ ಟಿವಿ ಲೆಕ್ಕದಲ್ಲಿ ಸೆಕೆಂಡಿಗೆ 25 ಫ್ರೇಮ್, ಅಂದರೆ ಐದು ಫ್ರೇಮ್ ಲೇಟು. ಒಂದೇ ಹೊಡೆತ ‘ಟಕ್-ಟಕ್’ ಅಂತ ಎರಡು ಸಲ ಕೇಳುತ್ತದೆ. ಅದಕ್ಕೇ ಬೌಲರ್ ಓಡಿ ಬರುವಾಗ ಸ್ಟಂಪ್ ಮೈಕ್ ಮಾತ್ರ ಮೇಲೆ. ಬಾಲ್ ಕವರ್ ಕಡೆ ಹೋದರೆ ಆ ಕಡೆ ಮೈಕ್ ಎತ್ತಬೇಕು, ಸ್ಟಂಪಿನದನ್ನು ಇಳಿಸಬೇಕು. ಬಾಲಿನ ಹಿಂದೆ ಬೆರಳು ಓಡುತ್ತಿರಬೇಕು. ಫೀಲ್ಡರ್‌ಗಳಿಗಾದರೂ ಓವರ್ ಮಧ್ಯೆ ಬಿಡುವಿದೆ.

ಸ್ಟಂಪ್ ಮೈಕ್ ಬರೀ ಮಜಾಕ್ಕೆ ಇಟ್ಟಿದ್ದಲ್ಲ, ಅದು ಸಾಕ್ಷಿ. 90ರ ದಶಕದಲ್ಲಿ ಇಂಗ್ಲೆಂಡಿನ ಅಲನ್ ಪ್ಲಾಸ್ಕೆಟ್ ಸ್ನಿಕೋಮೀಟರ್ ಅಂತ ಮಾಡಿದರು. ಸದ್ದಿನ ಗೆರೆಯನ್ನೂ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಈಗಿನ ಅಲ್ಟ್ರಾಎಡ್ಜ್ ಅದರ ಮೊಮ್ಮಗ. ಬ್ಯಾಟಿಗೆ ತಾಗಿತೋ ಇಲ್ಲವೋ ಅನ್ನುವಾಗ ಥರ್ಡ್ ಅಂಪೈರ್ ಆ ಸದ್ದಿನ ಗೆರೆ ಏಳುತ್ತದಾ ಅಂತ ಕಾಯುತ್ತಾರೆ. ಕಣ್ಣಿಗೆ ಅನುಮಾನ ಬಂದರೆ ಕಿವಿಯನ್ನು ಕೇಳುವುದು. ನೋಡಿ, ನನ್ನ ವಾದಕ್ಕೇ ಬಂತು.

ಇನ್ನು ಆ ದಿನ. ಹಿಂದಿನ ದಿನ, 9ನೇ ತಾರೀಕು, ನ್ಯೂಜಿಲೆಂಡ್ 46.1 ಓವರಿಗೆ 5 ವಿಕೆಟಿಗೆ 211 ಆಗಿದ್ದಾಗ ಮಳೆ ಬಂತು. ಮಳೆ ಅಂದೆನಾ? ಆಗುಂಬೆಯ ಪಕ್ಕದವನು ನಾನು, ಅದನ್ನು ಮಳೆ ಅನ್ನಲು ನಾಚಿಕೆಯಾಗುತ್ತದೆ. ನಮ್ಮಲ್ಲಿ ಅಂಥ ಮಳೆಗೆ ಯಾರೂ ಕೊಡೆ ಬಿಚ್ಚುವುದಿಲ್ಲ. ಆದರೆ ಬಿಡಲಿಲ್ಲ ಪುಣ್ಯಾತ್ಮ, ಸಂಜೆವರೆಗೂ ಸಣ್ಣಗೆ ಜಿನುಗುತ್ತಲೇ ಇತ್ತು. ಆಟ ಮರುದಿನಕ್ಕೆ ಹೋಯಿತು.

ಹತ್ತನೇ ತಾರೀಕು ಬೆಳಿಗ್ಗೆ ಹಳದಿ ಟ್ರಾಮ್ ಹತ್ತಿ ಹೋದೆ. ಸ್ಟಾಪ್ ಸ್ಟೇಡಿಯಂ ಪಕ್ಕದಲ್ಲೇ. ಅಲ್ಲೊಂದು ತಮಾಷೆ, ಫುಟ್‌ಬಾಲಿನವರ ಸ್ಟೇಡಿಯಮ್ಮಿನ ಹೆಸರೂ ಓಲ್ಡ್ ಟ್ರಾಫರ್ಡೇ, ಅರ್ಧ ಮೈಲಿ ಆಚೆ. ಭಾರತದ ಜೆರ್ಸಿ ಹಾಕಿಕೊಂಡ ಒಂದು ಸಂಸಾರ ತಪ್ಪಾಗಿ ಅಲ್ಲಿಗೆ ಹೋಗಿ, ಓಡಿಕೊಂಡು ವಾಪಸ್ ಬರುತ್ತಿತ್ತು.

ಆಟ ಶುರುವಾಗುವ ಮುಂಚೆ ಒಂದೊಂದೇ ಮೈಕ್ ತಟ್ಟಿ ನೋಡಬೇಕು. ಒಬ್ಬ ಮೈದಾನದಲ್ಲಿ ತಟ್ಟುತ್ತಾನೆ, ಒಬ್ಬ ವ್ಯಾನಿನಲ್ಲಿ ಕೇಳುತ್ತಾನೆ. ಅವತ್ತು ತಟ್ಟುವವನು ನಾನು. ಒಂದು ಕಡೆಯ ಸ್ಟಂಪ್ ಮೈಕ್ ಚರಚರ ಅನ್ನುತ್ತಿತ್ತು, ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ. ಹುಲ್ಲಿನಡಿಯ ಕೇಬಲ್ ಬೌಂಡರಿ ಹತ್ತಿರ ಬಂದು ಸೇರುವ ಕಡೆ ರಾತ್ರಿಯ ಮಳೆ ನೀರು ಹೊಕ್ಕಿದೆ. ಗಂಟೆ ಒಂಬತ್ತು ದಾಟಿದೆ, ಹತ್ತೂವರೆಗೆ ಆಟ. ಬಟ್ಟೆಯಲ್ಲಿ ಒರೆಸಿದೆ, ಊದಿದೆ, ಜಾಕೆಟ್ಟಿನೊಳಗೆ ಇಟ್ಟುಕೊಂಡೆ, ಊಹೂಂ. ಬದಲಿ ತರಲು ಒಬ್ಬ ಓಡಿದ. ಅಷ್ಟರಲ್ಲಿ ನನಗೆ ಮಾವನ ಅಂಗಡಿ ನೆನಪಾಯಿತು. ಮಲೆನಾಡಿನ ಮಳೆಗಾಲದಲ್ಲಿ ಅವರು ಮೈಕ್‌ಗಳನ್ನು ಅಡಿಗೆಮನೆಯ ಒಲೆ ಮೇಲೆ ಕಟ್ಟಿದ ಅಟ್ಟದಲ್ಲಿ ಇಡುತ್ತಿದ್ದರು. ಅಡಿಕೆ ಪಕ್ಕ ಮೈಕ್! ನಮ್ಮ ಮೈಕಿನಲ್ಲಿ ಮಾತಾಡಿದ ಮಂತ್ರಿಗಳಿಗೆಲ್ಲ ಹೊಗೆ ವಾಸನೆ ಬಂದಿರಬೇಕು. ಓಲ್ಡ್ ಟ್ರಾಫರ್ಡಿನಲ್ಲಿ ಒಲೆ ಎಲ್ಲಿಂದ ತರಲಿ? ಮೇಕಪ್ ರೂಮಿಗೆ ಓಡಿದೆ. ಕಾಮೆಂಟರಿಯವರಿಗೆ ಪೌಡರ್ ಹಚ್ಚುವ ಅಮ್ಮನವರ ಹತ್ತಿರ ಹೇರ್ ಡ್ರೈಯರ್ ಕೇಳಿದೆ. ಅವರು ನನ್ನ ತಲೆ ನೋಡಿದರು. ನೋಡುತ್ತಿದ್ದೀರಲ್ಲ, ಅವತ್ತೂ ಇಷ್ಟೇ ಕೂದಲು ಇದ್ದದ್ದು. ಹತ್ತು ನಿಮಿಷದಲ್ಲಿ ವಾಪಸ್ ತರಬೇಕು, ಒಬ್ಬರ ಕೂದಲು ಅರ್ಧಕ್ಕೆ ನಿಂತಿದೆ ಅಂತ ಹೇಳಿ ಕೊಟ್ಟರು. ಬೌಂಡರಿ ಗೆರೆಯಲ್ಲಿ ಮಂಡಿಯೂರಿ ಬಿಸಿಗಾಳಿ ಬಿಟ್ಟೆ. ಸೆಕ್ಯೂರಿಟಿಯವನು ಬಂದು, ಹುಲ್ಲು ಒಣಗಿಸುತ್ತಿದ್ದೀಯಾ ಅಂತ ಕೇಳಿದ. ಕೊನೆಗೆ ಹೆಡ್‌ಫೋನಿನಲ್ಲಿ ಮಾತು ಬಂತು, ‘ಈಗ ಕ್ಲೀನ್’ ಅಂತ. ಬದಲಿ ಕೇಬಲ್ ತರಲು ಹೋದವನು ಬರುವಷ್ಟರಲ್ಲಿ ನಾನು ಡ್ರೈಯರ್ ವಾಪಸ್ ಕೊಟ್ಟು ಟೀ ಕುಡಿಯುತ್ತಿದ್ದೆ.

ಇದನ್ನು ಇಷ್ಟು ಉದ್ದ ಹೇಳಬಾರದಿತ್ತು. ಅಧ್ಯಕ್ಷರು ವಾಚ್ ನೋಡುತ್ತಿದ್ದಾರೆ.

ಉಳಿದ 23 ಬಾಲ್ ಆಡಿ ನ್ಯೂಜಿಲೆಂಡ್ 239 ಮಾಡಿತು. ಅದರಲ್ಲಿ ಜಡೇಜಾ ದೂರದಿಂದ ಎಸೆದು ಟೇಲರ್‌ನನ್ನು ರನ್ ಔಟ್ ಮಾಡಿದಾಗ ಸ್ಟಂಪ್ ಮೈಕಿನಲ್ಲಿ ‘ಟಕ್’ ಅಂತ ಬಂದದ್ದು, ಆಹಾ, ಅಷ್ಟು ಸ್ವಚ್ಛ. ಆಮೇಲೆ ನಮ್ಮವರು ಇಳಿದರು. ರೋಹಿತ್ 1, ಕೊಹ್ಲಿ 1, ರಾಹುಲ್ 1. ನಾಲ್ಕನೇ ಓವರಿನ ಮೊದಲ ಬಾಲಿಗೆ 5 ರನ್ನಿಗೆ 3 ವಿಕೆಟ್.

ಬ್ಯಾಟಿನ ಅಂಚಿಗೆ ಬಾಲ್ ಸವರಿದರೆ ‘ಟಿಕ್’ ಅನ್ನುತ್ತದೆ. ಒಣ ಕಡ್ಡಿ ಮುರಿದ ಹಾಗೆ. ರಾಹುಲ್ ಔಟಾದಾಗ ಅದು ನನ್ನ ಎರಡೂ ಕಿವಿಯಲ್ಲಿ ಬಂತು. ಕೀಪರ್ ಕೈಯಲ್ಲಿ ಬಾಲ್ ಇದೆ ಅಂತ ಕಣ್ಣಿಗೆ ಗೊತ್ತಾಗುವ ಮುಂಚೆಯೇ ಹೊಟ್ಟೆ ತಣ್ಣಗಾಯಿತು. ನಮ್ಮ ಕರ್ನಾಟಕದ ಹುಡುಗ. ಆದರೆ ವ್ಯಾನಿನಲ್ಲಿ ‘ಛೆ’ ಅನ್ನುವ ಹಾಗಿಲ್ಲ, ಡೈರೆಕ್ಟರ್ ಮಾತು ಎಲ್ಲರ ಕಿವಿಗೂ ಬೀಳಬೇಕು. ನಾಲಿಗೆ ಕಚ್ಚಿಕೊಂಡು ಜನರ ಮೈಕ್ ಎತ್ತಿದೆ.

ಅದೇ ರಾಹುಲ್ ಮರುವರ್ಷ ನ್ಯೂಜಿಲೆಂಡಿನಲ್ಲಿ 112 ಹೊಡೆದಾಗ ಜೊತೆಗಿದ್ದದ್ದು ಮನೀಶ್ ಪಾಂಡೆ. ಇಬ್ಬರೂ ರನ್ನಿಗೆ ಕನ್ನಡದಲ್ಲೇ ಕೂಗಿಕೊಂಡದ್ದು ನಿಮಗೆಲ್ಲ ನೆನಪಿದೆ. ಆ ತುಣುಕು ನಿಮ್ಮ ಫೋನಿಗೆ ಎಷ್ಟು ಸಲ ಬಂತು? ಶತಕದ ಒಂದು ಹೊಡೆತ ನೆನಪಿದೆಯಾ? ಇಲ್ಲ. ಕನ್ನಡ ನೆನಪಿದೆ. ಅದನ್ನು ಹಿಡಿದದ್ದು ಯಾವ ಕ್ಯಾಮೆರಾವೂ ಅಲ್ಲ ಅಂತ ಮಾತ್ರ ಹೇಳುತ್ತೇನೆ.

ಮುಂದಿನದು ನಿಮಗೆ ಗೊತ್ತು. 92ಕ್ಕೆ 6. ಆಮೇಲೆ ಜಡೇಜಾ 59 ಬಾಲಿಗೆ 77. ಸ್ಟೇಡಿಯಮ್ಮಿನಲ್ಲಿ ಹೆಚ್ಚಿನವರು ನಮ್ಮವರೇ, ಜನರ ಮೈಕಿನ ಸದ್ದು ಅಳೆಯುವ ಮೀಟರ್ ಕೆಂಪಿಗೆ ಹೋಗಿ ಹೋಗಿ ಬರುತ್ತಿತ್ತು. ಚೆಂಡೆ ಜಾಸ್ತಿ, ಭಾಗವತರು ಕಡಿಮೆ. ಜಡೇಜಾ ಔಟಾದ. 49ನೇ ಓವರಿನಲ್ಲಿ ಧೋನಿ ಒಂದು ಸಿಕ್ಸ್ ಹೊಡೆದರು. ಅದೇ ಓವರಿನ ಮೂರನೇ ಬಾಲ್, ಎರಡನೇ ರನ್ನಿಗೆ ಓಡಿದರು. ಗಪ್ಟಿಲ್ ಎಸೆದ. ‘ಟಕ್.’

ಥರ್ಡ್ ಅಂಪೈರ್ ತೀರ್ಪು ಬಂದ ಕೂಡಲೇ ನನ್ನ ಮೀಟರ್ ದಪ್ಪನೆ ಕೆಳಗೆ ಬಿತ್ತು. ಇಪ್ಪತ್ತು ಸಾವಿರಕ್ಕೂ ಜಾಸ್ತಿ ಜನ ಕೂತಿರುವಾಗ ಮೀಟರ್ ಹಾಗೆ ಬಿದ್ದರೆ ನಮ್ಮ ಕೈ ತಾನಾಗಿ ಫೇಡರ್ ಎತ್ತುತ್ತದೆ. ಲೈನ್ ಹೋಯಿತೇನೋ ಅಂತ ಭಯ. ನನ್ನ ಕೈ ಹೋಯಿತು. ಪಕ್ಕದಲ್ಲಿದ್ದ ಸೀನಿಯರ್, ಬಿಳಿ ಗಡ್ಡದ ಮುದುಕ, ನನ್ನ ಮಣಿಕಟ್ಟು ಹಿಡಿದುಕೊಂಡ. ಮಾತಿಲ್ಲ, ಸುಮ್ನೆ ಹಿಡಿದುಕೊಂಡ. ಧೋನಿ ಮೈದಾನ ದಾಟುವವರೆಗೂ ನಾವು ಏನನ್ನೂ ಮುಟ್ಟಲಿಲ್ಲ. ದೂರದಲ್ಲಿ ನಾಲ್ಕು ಜನ ಕಿವಿಗಳ ಚಪ್ಪಾಳೆ. ಕಿವಿ ಅಂದರೆ ನ್ಯೂಜಿಲೆಂಡಿನವರು ಮಾರಾಯ್ರೆ, ಈ ಕಿವಿ ಅಲ್ಲ. 221ಕ್ಕೆ ಆಲ್ ಔಟ್, 18 ರನ್ನಿನ ಸೋಲು.

ನಾಲ್ಕು ದಿನ ಬಿಟ್ಟು ಲಾರ್ಡ್ಸ್ ಫೈನಲ್ಲಿನ ಸೂಪರ್ ಓವರಿನ ಕೊನೇ ಬಾಲಿಗೆ ರನ್ ಔಟಾದದ್ದು ಯಾರು? ಅದೇ ಗಪ್ಟಿಲ್. ನಮ್ಮ ಮಾವ ಅದಕ್ಕೆ ಒಂದು ಮಾತು ಹೇಳಿದರು, ಸಭೆಯಲ್ಲಿ ಬೇಡ.

2020ರಲ್ಲಿ ಐಪಿಎಲ್ ಯುಎಇಗೆ ಹೋಯಿತಲ್ಲ, ಕೊರೊನಾ, ಖಾಲಿ ಸ್ಟೇಡಿಯಂ. ಟಿವಿಯವರು ಏನು ಮಾಡಿದರು? ಖಾಲಿ ಕುರ್ಚಿಗಳನ್ನು ತೋರಿಸಿದರು, ಅಡ್ಡಿಯಿಲ್ಲ. ಆದರೆ ಹಳೇ ಮ್ಯಾಚುಗಳ ಕೇಕೆ ರೆಕಾರ್ಡ್ ತಂದು ಹಿಂದೆ ಹಾಕಿದರು. ಜನ ಕಾಣದಿದ್ದರೆ ನಡೆಯುತ್ತದೆ, ಕೇಳದಿದ್ದರೆ ನಡೆಯುವುದಿಲ್ಲ. ಇನ್ನೇನು ಸಾಕ್ಷಿ ಬೇಕು ನಿಮಗೆ?

ಚೀಟಿ ಬಂತು. ‘ಐದು ನಿಮಿಷ’ ಅಂತ ಬರೆದಿದ್ದಾರೆ. ಮೂರನೇ ಪಾಯಿಂಟ್, ಊಟ. ವ್ಯಾನುಗಳ ಪಕ್ಕ ಊಟದ ಗಾಡಿ ಇರುತ್ತದೆ. ಸಸ್ಯಾಹಾರ ಅಂದರೆ ಆಲೂಗಡ್ಡೆ. ನಾಳೆ ಏನು? ಬೇರೆ ಆಕಾರದ ಆಲೂಗಡ್ಡೆ. ರಶೋಮ್ ಅಂತ ಒಂದು ಬಡಾವಣೆ, ಅಲ್ಲಿನ ರಸ್ತೆಗೆ ಕರಿ ಮೈಲ್ ಅಂತಲೇ ಹೆಸರು, ಸಾಲಾಗಿ ನಮ್ಮ ಕಡೆಯ, ಪಾಕಿಸ್ತಾನದ ಕಡೆಯ ಹೋಟೆಲ್. ಚಟ್ನಿಪುಡಿ ತಗೊಂಡು ಹೋಗಿ, ಸಾಕು.

ನಾಲ್ಕನೆಯದು. ಹುಡುಗರೇ, ಕೋರ್ಸ್ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಇಲ್ಲಿರುವ ಮೈಕ್‌ಸೆಟ್ ಹುಡುಗನ ಜೊತೆ ಒಂದು ಸೀಸನ್ ಕೇಬಲ್ ಸುತ್ತಿ. ಸುತ್ತಿದ ಕೇಬಲ್ ಎಸೆದರೆ ಗಂಟಾಗದೆ ಬಿಚ್ಚಬೇಕು. ಅಷ್ಟು ಬಂದರೆ ನನ್ನ ಹತ್ತಿರ ಬನ್ನಿ.

ಒಂದು ಬಾಕಿ ಇದೆ. ಅವತ್ತು ಕೇಬಲ್ ಎಲ್ಲ ಸುತ್ತಿ ಮುಗಿಸುವಾಗ ಅಲ್ಲಿ ಸಂಜೆ ಆರು, ಇಲ್ಲಿ ರಾತ್ರಿ ಹತ್ತೂವರೆ. ಅಮ್ಮನಿಗೆ ಫೋನ್ ಮಾಡಿದೆ. ಮಲಗಿರಲಿಲ್ಲ. ಸೋತದ್ದಕ್ಕೆ ಒಂದಿಷ್ಟು ಬೈದರು, ನಾನೇ ಸೋಲಿಸಿದ ಹಾಗೆ. ಆಮೇಲೆ ಹೇಳಿದರು, ‘ಅಲ್ಲ ಕಣೋ, ಧೋನಿ ಔಟಾದಾಗ ಹಿಂದಿನ ಗಲಾಟೆ ಎಲ್ಲ ನಿಂತೇ ಹೋಯ್ತಲ್ಲ. ಟಿವಿ ಕೆಟ್ಟಿತು ಅಂತ ರಿಮೋಟ್ ಹಿಡ್ಕೊಂಡು ಎರಡು ಸಲ ಕುಟ್ಟಿದೆ. ಆಮೇಲೆ ಕಿಟಕಿ ಹತ್ರ ಹೋದ್ರೆ ಪಕ್ಕದ ಮನೇಲೂ ಸದ್ದಿಲ್ಲ.’